ವಾಚನಾಲಯದಲ್ಲಿ ಬೆಳೆದ ಹಾಡುಗಾರ

ಷಿಕಾಗೋ ಎಂದೊಡನೆ ನಮ್ಮವರಿಗೆ ಮೊದಲು ನೆನಪಾಗುವವರು ಸ್ವಾಮಿ ವಿವೇಕಾನಂದರು. ೧೮೯೩ರ ಸೆಪ್ಟೆಂಬರಿನಲ್ಲಿ ಸರ್ವಧರ್ಮ ಸಮ್ಮೇಳನ ನೆರೆದ ಕಟ್ಟಡ ಇಂದಿಗೂ ಮಿಷಿಗನ್ ರಸ್ತೆಯ ಮೇಲೆ ನಿಂತಿದೆ. ಬಾಗಿಲಿನ ಎರಡು ಪಕ್ಕಗಳಲ್ಲಿ ಕಂಚಿನ ಸಿಂಹಗಳನ್ನು ಕಾವಲಿಗಿಟ್ಟುಕೊಂಡು ಅದೀಗ ಜಗತ್ತಿನ ಹೆಸರಾಂತ ಕಲಾಸಂಗ್ರಹಾಲಯಗಳಲ್ಲೊಂದಾಗಿದೆ. ಕನ್ನಡ ಸಾಹಿತ್ಯದ ಗೀಳುಳ್ಳವರಿಗೆ ಎರಡನೆಯದಾಗಿ ನೆನಪಾಗುವವರು ಎ. ಕೆ. ರಾಮಾನುಜನ್. ಮೈಸೂರಿನಲ್ಲಿ ಹುಟ್ಟಿ, ಬಸವಣ್ಣ ಅಕ್ಕಮಹಾದೇವಿಯರ ವಚನಗಳನ್ನು ಇಂಗ್ಲಿಷ್ ಬಲ್ಲವರ ಮನೆಬಾಗಿಲಿಗೆ ಮುಟ್ಟಿಸಿದ ಆ ಕವಿ ಮೂರು ದಶಕಗಳ ಕಾಲ ಪಾಠ ಹೇಳಿದ್ದು ಈ ಊರಿನ ವಿಶ್ವವಿದ್ಯಾನಿಲಯದಲ್ಲಿ. ೧೯೯೩ರ ಜುಲೈ ೧೩ರಂದು ಕಣ್ಮುಚ್ಚಿದ್ದೂ ಈ ಊರಿನಲ್ಲಿಯೇ. ಅವರ ಕೈಬರಹದ ಕಾಗದಪತ್ರಗಳು ಅಲ್ಲಿಯ ಗ್ರಂಥಭಂಡಾರದಲ್ಲಿವೆ. ಅವನ್ನು ನೋಡುವ ಆಸೆಯಿಂದ ನಾನು ಆ ಊರಿಗೆ ಹೋದೆನು.

ಆದರೆ ಈ ಲೇಖನದ ನಾಯಕ ಅವರಿಬ್ಬರಲ್ಲಿ ಯಾರೂ ಅಲ್ಲ. ರಾಮಾನುಜನ್ ತೀರಿಕೊಳ್ಳುವುದಕ್ಕೆ ಮೂರು ತಿಂಗಳು ಮುಂಚೆ, ೧೯೯೩ರ ಏಪ್ರಿಲ್ ೧೬ರಂದು, ಅದೇ ಷಿಕಾಗೋದಲ್ಲಿ ಹುಟ್ಟಿದ ಚಾನ್ಸಲರ್ ಬೆನೆಟ್ ಎಂಬ ತರುಣ. ಲೋಕಕ್ಕೆ ಆತನ ಪರಿಚಯವಿರುವುದು ‘ಚಾನ್ಸ್ ದ ರ‍್ಯಾಪರ್’ ಎಂಬ ಹೆಸರಿನಿಂದ. ಯಾವ ರೆಕಾರ್ಡ್ ಕಂಪನಿಯ ಕರಾರಿಗೂ ರುಜು ಹಾಕದೆ, ತನ್ನ ಹಾಡುಗಳನ್ನು ಕೇಳುಗರಿಗೆ ಪುಕ್ಕಟೆಯಾಗಿ ಹಂಚುತ್ತಲೇ ಆ ದೇಶದ ಅತ್ಯುನ್ನತ ಸಂಗೀತ ಪಾರಿತೋಷಕಗಳನ್ನು ಗೆದ್ದವನು. ಈತನನ್ನು ‘ಸ್ವತಂತ್ರ ಕಲಾವಿದ’ ಎಂದು ಕರೆಯುತ್ತಾರೆ. ಆ ಸ್ವಾತಂತ್ರ್ಯ ಎಲ್ಲಿಂದ ಬಂದಿತು ಎಂಬ ಕುತೂಹಲ ನನ್ನನ್ನು ಒಂದು ಇಡೀ ದಿನ ಷಿಕಾಗೋದ ರೈಲಿನಲ್ಲಿ ಕೂರಿಸಿತು.

ಮನೆಯಲ್ಲಿ ಹದಿನಾರು ಹದಿನೇಳರ ಮಕ್ಕಳಿರುವ ವಾಚಕರಿಗೆ ರ‍್ಯಾಪ್ ಎಂಬುದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಮುಚ್ಚಿದ ಬಾಗಿಲಿನ ಹಿಂದಿನಿಂದ ಕೇಳಿಬರುವ ಧಡಧಡ ಸದ್ದೇ ಅದು. ಅದನ್ನು ಸಂಗೀತವೆನ್ನಬೇಕೆ, ಜಗಳವೆನ್ನಬೇಕೆ ಎಂಬ ಸಂಶಯ ಹಿರಿಯರಿಗೆ ಬರುವುದು ಸಹಜ. ವಾಸ್ತವವಾಗಿ ಅದು ಲಯಕ್ಕೆ ಕಟ್ಟಿದ ಮಾತು. ನಾಲ್ಕು ನಾಲ್ಕು ಪೆಟ್ಟುಗಳ ಆವರ್ತನದ ಮೇಲೆ ಹಾಡುಗಾರ ರಾಗದ ಹಂಗನ್ನು ಬಹುಮಟ್ಟಿಗೆ ಬಿಟ್ಟು, ಪ್ರಾಸದ ಬಲದಿಂದಲೇ ನಡೆಯುತ್ತಾನೆ. ನಮ್ಮ ಹಳೆಯ ಕವಿಗಳು ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸವನ್ನು ಪಾಲಿಸಿದರು. ಇವರು ಸಾಲಿನ ಕೊನೆಯಲ್ಲಿಯೂ ನಡುವೆಯೂ ಎರಡು ಮೂರು ಅಕ್ಷರಗಳ ಪ್ರಾಸಗಳನ್ನು ಪೋಣಿಸುತ್ತ ಹೋಗುತ್ತಾರೆ. ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂಬುದೂ ಅಲ್ಲಿ ಛಂದಸ್ಸಿನ ಒಂದು ಭಾಗವೇ. ಈ ಕಲೆ ಹುಟ್ಟಿದ್ದು ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡ ಬಡಾವಣೆಯಲ್ಲಿ. ೧೯೭೩ರ ಆಗಸ್ಟ್ ೧೧ರಂದು ಕೂಲ್ ಹರ್ಕ್ ಎಂಬ ಹುಡುಗ, ಶಾಲೆಗೆ ಹೊಸ ಬಟ್ಟೆ ಕೊಳ್ಳಲು ಹಣ ಕೂಡಿಸಬೇಕೆಂದು ತನ್ನ ತಂಗಿ ಏರ್ಪಡಿಸಿದ ಸಂತೋಷಕೂಟದಲ್ಲಿ ಎರಡು ಗ್ರಾಮಾಫೋನ್ ತಟ್ಟೆಗಳನ್ನು ಹೊಸ ರೀತಿಯಲ್ಲಿ ನುಡಿಸಿದನು. ಹಿಪ್-ಹಾಪ್ ಚರಿತ್ರೆಕಾರರು ಅಲ್ಲಿಂದಲೇ ಕಾಲವನ್ನು ಎಣಿಸುತ್ತಾರೆ.

ದಕ್ಷಿಣದ ಬೀದಿಗಳು

ಷಿಕಾಗೋದ ಬೀದಿಗಳು ಚದುರಂಗದ ಮಣೆಯಂತಿವೆ. ಊರ ನಡುವೆ ಸ್ಟೇಟ್ ರಸ್ತೆಯೂ ಮ್ಯಾಡಿಸನ್ ರಸ್ತೆಯೂ ಕೂಡುವ ಸ್ಥಳವೇ ಸೊನ್ನೆ. ಅಲ್ಲಿಂದ ದಕ್ಷಿಣಕ್ಕೆ ಹೋದಂತೆ ಅಡ್ಡಬೀದಿಗಳಿಗೆ ಅಂಕಿಗಳೇ ಹೆಸರು. ರಾಮಾನುಜನ್ ಅವರ ವಿಶ್ವವಿದ್ಯಾನಿಲಯವಿರುವ ಹೈಡ್ ಪಾರ್ಕ್ ಐವತ್ತೇಳು, ಐವತ್ತೆಂಟನೆಯ ಬೀದಿಗಳ ಸುತ್ತ ಹಬ್ಬಿದೆ. ಅಲ್ಲಿಂದ ಕಾಟೇಜ್ ಗ್ರೋವ್ ರಸ್ತೆಯ ಬಸ್ಸನ್ನು ಹಿಡಿದು ದಕ್ಷಿಣಕ್ಕೆ ಹೊರಟರೆ ಎಪ್ಪತ್ತೊಂಬತ್ತನೆಯ ಬೀದಿ ಬರುತ್ತದೆ. ಅದರ ಆಸುಪಾಸಿನ ಬಡಾವಣೆಯ ಹೆಸರು ಚ್ಯಾಟಮ್. ಚಾನ್ಸ್ ಬೆಳೆದದ್ದು ಅಲ್ಲಿ.

‘ಸೌತ್ ಸೈಡ್’ ಎಂದು ಕರೆಯುವ ಈ ದಕ್ಷಿಣ ಭಾಗದ ಚರಿತ್ರೆಯನ್ನು ತಿಳಿಯದೆ ಅಲ್ಲಿಯ ಹಾಡು ಅರ್ಥವಾಗದು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಿಂದ ೧೯೭೦ರವರೆಗೆ, ಮಿಸಿಸಿಪಿ ಮೊದಲಾದ ದಕ್ಷಿಣ ಸಂಸ್ಥಾನಗಳ ಹತ್ತಿಯ ಹೊಲಗಳನ್ನೂ ಅಲ್ಲಿಯ ಅವಮಾನಗಳನ್ನೂ ಬಿಟ್ಟು ಐದು ಲಕ್ಷಕ್ಕೂ ಮಿಕ್ಕ ಕಪ್ಪು ಜನರು ಷಿಕಾಗೋಕ್ಕೆ ಬಂದರು. ಇಲಿನಾಯ್ ಸೆಂಟ್ರಲ್ ಎಂಬ ರೈಲು ಅವರನ್ನು ತಂದಿಳಿಸಿತು. ಕಸಾಯಿಖಾನೆಗಳಲ್ಲಿಯೂ ಉಕ್ಕಿನ ಕಾರ್ಖಾನೆಗಳಲ್ಲಿಯೂ ಅವರಿಗೆ ಕೆಲಸ ದೊರೆಯಿತು; ಮನೆಗಳು ಮಾತ್ರ ದೊರೆಯಲಿಲ್ಲ. ಕಪ್ಪು ಜನರಿಗೆ ಮನೆ ಮಾರಬಾರದೆಂದು ಬಿಳಿಯ ಮಾಲೀಕರು ತಮ್ಮತಮ್ಮಲ್ಲಿ ಕರಾರುಪತ್ರಗಳನ್ನು ಬರೆದುಕೊಂಡಿದ್ದರು. ಅಂಥ ಪತ್ರಗಳನ್ನು ನ್ಯಾಯಾಲಯಗಳು ಜಾರಿಗೊಳಿಸಕೂಡದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು ೧೯೪೮ರಲ್ಲಿ. ಆ ಮೇಲೆಯೇ ಚ್ಯಾಟಮ್‌ನಂಥ ಬಡಾವಣೆಗಳ ಬಾಗಿಲು ಅವರಿಗೆ ತೆರೆಯಿತು. ೧೯೫೬ರಲ್ಲಿ ಭಕ್ತಿಗೀತೆಗಳ ಮಹಾಗಾಯಕಿ ಮಹೇಲಿಯಾ ಜಾಕ್ಸನ್ ಇಲ್ಲಿ ಒಂದು ಇಟ್ಟಿಗೆಯ ಮನೆಯನ್ನು ಕೊಂಡಳು. ಲೋಕವೆಲ್ಲ ತಲೆದೂಗಿದ ಆ ಕಂಠದ ಒಡತಿಯ ಮನೆಯ ಕಿಟಕಿಗಳಿಗೂ ಆಗ ಗುಂಡು ಹಾರಿಸಿದವರಿದ್ದರು.

ಸಂಕಟವೆಷ್ಟೋ ಸಂಗೀತವೂ ಅಷ್ಟೇ. ೧೯೪೩ರಲ್ಲಿ ಮಿಸಿಸಿಪಿಯಿಂದ ಬಂದಿಳಿದ ಮಡ್ಡಿ ವಾಟರ್ಸ್ ಹಳ್ಳಿಯ ‘ಬ್ಲೂಸ್’ ಹಾಡಿಗೆ ವಿದ್ಯುತ್ ಗಿಟಾರನ್ನು ಸೇರಿಸಿದನು. ಥಾಮಸ್ ಡಾರ್ಸಿ ಎಂಬುವನು ಇಲ್ಲಿಯ ಒಂದು ಚರ್ಚಿನಲ್ಲಿ ಬ್ಲೂಸಿನ ಧಾಟಿಯನ್ನು ದೇವರ ಹಾಡಿಗೆ ತಂದು ‘ಗಾಸ್ಪೆಲ್’ ಸಂಗೀತಕ್ಕೆ ಇಂದಿನ ರೂಪವನ್ನಿತ್ತನು. ಕವಿತೆಗಾಗಿ ೧೯೫೦ರಲ್ಲಿ ಪುಲಿಟ್ಜರ್ ಪಾರಿತೋಷಕವನ್ನು ಪಡೆದ ಮೊದಲ ಕಪ್ಪು ಲೇಖಕಿ ಗ್ವೆಂಡಲಿನ್ ಬ್ರೂಕ್ಸ್ ಇದೇ ಬೀದಿಗಳ ಮಗಳು. ಕವಿತೆಯನ್ನು ಕುಸ್ತಿಯ ಅಖಾಡದಂತೆ ಸಭೆಯೆದುರು ಸ್ಪರ್ಧೆಗಿಳಿಸುವ ‘ಪೊಯೆಟ್ರಿ ಸ್ಲ್ಯಾಮ್’ ಎಂಬ ಪದ್ಧತಿಯೂ ೧೯೮೦ರ ದಶಕದಲ್ಲಿ ಷಿಕಾಗೋದಲ್ಲಿಯೇ ಹುಟ್ಟಿತು. ಹೀಗೆ, ಮಾತಿಗೆ ಲಯ ಕಟ್ಟುವ ಕಸುಬಿಗೆ ಬೇಕಾದ ಗೊಬ್ಬರವೆಲ್ಲ ಆ ನೆಲದಲ್ಲಿ ಮೊದಲೇ ಬಿದ್ದಿತ್ತು.

ಚ್ಯಾಟಮ್ ನೋಡಲು ಆಡಂಬರದ ಊರಲ್ಲ. ಒಂದೇ ಎತ್ತರದ ಇಟ್ಟಿಗೆಯ ಬಂಗಲೆಗಳು, ಮುಂದೆ ಅಂಗೈಯಗಲದ ಹುಲ್ಲು, ನಾಲ್ಕು ಮೆಟ್ಟಿಲು. ಅಂಚೆ ಕಛೇರಿಯ ನೌಕರರು, ಶಾಲಾ ಉಪಾಧ್ಯಾಯರು, ಬಸ್ ಚಾಲಕರು, ಸರ್ಕಾರಿ ಗುಮಾಸ್ತರು ಕಷ್ಟಪಟ್ಟು ಕಂತು ಕಟ್ಟಿ ಕೊಂಡ ಮನೆಗಳವು. ನಮ್ಮ ಜಯನಗರವನ್ನೋ ಸರಸ್ವತೀಪುರವನ್ನೋ ನೋಡಿದವರಿಗೆ ಆ ಬೀದಿಗಳ ಸ್ವಭಾವ ತಟ್ಟನೆ ತಿಳಿಯುತ್ತದೆ: ಮಕ್ಕಳು ಓದಿ ಮುಂದೆ ಬರಬೇಕು ಎಂಬುದೇ ಅಲ್ಲಿಯ ಮನೆದೇವರು. ಆದರೆ ನಾಲ್ಕು ಬೀದಿ ದಾಟಿದರೆ ಬೀಗ ಬಿದ್ದ ಅಂಗಡಿಗಳು, ಹಲಗೆ ಬಡಿದ ಕಿಟಕಿಗಳು, ಬೇಸಗೆಯ ರಾತ್ರಿಗಳಲ್ಲಿ ಪಿಸ್ತೂಲಿನ ಸದ್ದು. ಎರಡು ಲೋಕಗಳ ನಡುವೆ ಗೋಡೆಯಿಲ್ಲ.

ತಂದೆ, ಅಜ್ಜಿ, ಮತ್ತು ಒಂದು ತಟ್ಟೆ

ಚಾನ್ಸನ ತಂದೆ ರಾಜಕೀಯ ವಲಯದಲ್ಲಿ ದುಡಿದವರು. ಷಿಕಾಗೋದ ಮೊದಲ ಕಪ್ಪು ಮೇಯರ್ ಹೆರಾಲ್ಡ್ ವಾಷಿಂಗ್ಟನ್ನರ ಬಳಿಯೂ, ಮುಂದೆ ಸೆನೆಟರ್ ಆಗಿದ್ದಾಗ ಬರಾಕ್ ಒಬಾಮರ ಬಳಿಯೂ ಕೆಲಸ ಮಾಡಿದ್ದರು. ತಾಯಿ ಇಲಿನಾಯ್ ಸಂಸ್ಥಾನದ ಅಟಾರ್ನಿ ಜನರಲ್ ಕಛೇರಿಯಲ್ಲಿ ನೌಕರಿಯಲ್ಲಿದ್ದರು. ಇಂಥ ಮನೆಯಲ್ಲಿ ಮಗನಿಂದ ಏನನ್ನು ನಿರೀಕ್ಷಿಸುತ್ತಾರೆಂದು ವಿವರಿಸಬೇಕಾಗಿಲ್ಲ. ಮಗ ಕಾಲೇಜಿಗೆ ಹೋಗಬೇಕು, ಪದವಿ ಪಡೆಯಬೇಕು, ಗೌರವದ ಕೆಲಸ ಹಿಡಿಯಬೇಕು. ಮಗನ ಮನಸ್ಸಾದರೋ ಬೇರೊಂದರಲ್ಲಿ ನೆಟ್ಟಿತ್ತು.

ಮನೆಯ ಮತ್ತೊಂದು ಕಂಬ ಅಜ್ಜಿ. ಭಾನುವಾರದ ಚರ್ಚು, ಅಲ್ಲಿಯ ಸಮೂಹಗಾನ ಇವು ಅವನ ಕಿವಿಯಲ್ಲಿ ಎಷ್ಟು ಆಳಕ್ಕೆ ಇಳಿದಿದ್ದುವೆಂಬುದು ಮುಂದಿನ ಹಾಡುಗಳಲ್ಲಿ ತಿಳಿಯುತ್ತದೆ. ೨೦೧೫ರಲ್ಲಿ ಗೆಳೆಯರೊಡನೆ ಸೇರಿ ಹೊರತಂದ ‘ಸರ್ಫ್’ ಎಂಬ ಗುಚ್ಛದಲ್ಲಿ ‘ಸಂಡೇ ಕ್ಯಾಂಡಿ’ ಎಂಬ ಹಾಡಿದೆ. ಅದು ಅಜ್ಜಿಗೆ ಮೊಮ್ಮಗ ಸಲ್ಲಿಸಿದ ಕಾಣಿಕೆ. ರ‍್ಯಾಪ್ ಎಂದರೆ ಬೈಗುಳ, ಬಂದೂಕು, ಬಂಗಾರದ ಸರ ಎಂದು ತಿಳಿದವರು ಆ ಹಾಡನ್ನು ಒಮ್ಮೆ ಕೇಳಬೇಕು.

ಮೂರನೆಯ ಪ್ರೇರಣೆ ಬಂದದ್ದು ನೆರೆಹೊರೆಯಿಂದ. ೨೦೦೪ರಲ್ಲಿ ಸೌತ್ ಸೈಡಿನವನೇ ಆದ ಕಾನ್ಯೇ ವೆಸ್ಟ್ ತನ್ನ ಮೊದಲ ಗುಚ್ಛ ‘ದ ಕಾಲೇಜ್ ಡ್ರಾಪ್‌ಔಟ್’ ಅನ್ನು ಹೊರತಂದನು. ಆತನ ತಾಯಿ ಷಿಕಾಗೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಇಂಗ್ಲಿಷ್ ಪ್ರಾಧ್ಯಾಪಿಕೆ. ಪ್ರಾಧ್ಯಾಪಿಕೆಯ ಮಗ, ತಮ್ಮ ಬೀದಿಗಳ ಪಕ್ಕದವನು, ಬಂದೂಕಿನ ಬಡಾಯಿಯಿಲ್ಲದೆ ತನ್ನ ಬಾಳನ್ನೇ ಹಾಡಾಗಿಸಬಲ್ಲನು ಎಂಬುದನ್ನು ಹನ್ನೊಂದು ವರ್ಷದ ಚಾನ್ಸ್ ಕಂಡನು. ದಾರಿಯಿದೆಯೆಂದು ತಿಳಿಯಲು ಮಕ್ಕಳಿಗೆ ಎಷ್ಟೋ ವೇಳೆ ಇಷ್ಟೇ ಸಾಕು.

ಒಂಬತ್ತು ಮೈಲಿ

ಎಪ್ಪತ್ತೊಂಬತ್ತನೆಯ ಬೀದಿಯ ರೈಲು ನಿಲ್ದಾಣ ಒಂದು ವಿಚಿತ್ರ ಸ್ಥಳ. ಹೆದ್ದಾರಿಯ ನಟ್ಟನಡುವೆ, ಎರಡೂ ಕಡೆ ಮೋಟಾರುಗಳು ಭರ್ರೆಂದು ಹರಿಯುತ್ತಿರಲು, ದ್ವೀಪದಂತೆ ಅದು ನಿಂತಿದೆ. ಈ ದಾರಿಯನ್ನು ‘ಕೆಂಪು ಮಾರ್ಗ’ ಎನ್ನುತ್ತಾರೆ. ಗಾಡಿ ಹೊರಟರೆ ಅರವತ್ತೊಂಬತ್ತು, ಅರವತ್ತಮೂರು, ನಲವತ್ತೇಳು ಎಂದು ಅಂಕಿಗಳು ಇಳಿಯುತ್ತ ಬರುತ್ತವೆ. ಮೂವತ್ತೈದನೆಯ ಬೀದಿಯಲ್ಲಿ ಬೇಸ್‌ಬಾಲ್ ಮೈದಾನ. ಮುಂದೆ ಚೀನೀಯರ ಪೇಟೆ. ಆ ಬಳಿಕ ರೈಲು ನೆಲದೊಳಗೆ ನುಗ್ಗಿ ಹ್ಯಾರಿಸನ್ ಎಂಬ ನಿಲ್ದಾಣದಲ್ಲಿ ನಿಲ್ಲುತ್ತದೆ. ಒಟ್ಟು ಸುಮಾರು ಒಂಬತ್ತು ಮೈಲಿಯ ಪ್ರಯಾಣ. ಮೆಟ್ಟಿಲೇರಿ ಮೇಲೆ ಬಂದರೆ ಸ್ಟೇಟ್ ರಸ್ತೆ. ಎದುರಿಗೆ ಗಗನಚುಂಬಿಗಳ ಕಾಡು.

ಅಲ್ಲಿಯೇ ಜೋನ್ಸ್ ಕಾಲೇಜ್ ಪ್ರೆಪ್ ಎಂಬ ಪ್ರೌಢಶಾಲೆಯಿದೆ. ಹೆಸರಿನಲ್ಲಿ ಕಾಲೇಜ್ ಎಂದಿದ್ದರೂ ಅದು ಶಾಲೆಯೇ. ಪರೀಕ್ಷೆಯಲ್ಲಿ ಆರಿಸಿ ಬಂದವರಿಗೆ ಮಾತ್ರ ಪ್ರವೇಶವಿರುವ ಸರ್ಕಾರಿ ಶಾಲೆ. ಚ್ಯಾಟಮ್‌ನ ಹುಡುಗ ಓದಿದ್ದು ಇಲ್ಲಿ. ಅವನೇನೂ ಶಿಸ್ತಿನ ವಿದ್ಯಾರ್ಥಿಯಾಗಿರಲಿಲ್ಲ. ಆದರೆ ಶಾಲೆ ಬಿಟ್ಟ ಮೇಲೆ ಮನೆಯ ರೈಲು ಹತ್ತುವ ಬದಲು ಅದೇ ಸ್ಟೇಟ್ ರಸ್ತೆಯಲ್ಲಿ ಉತ್ತರಕ್ಕೆ ನಾಲ್ಕು ಹೆಜ್ಜೆ ಹಾಕುವ ಅಭ್ಯಾಸ ಅವನಿಗಿತ್ತು. ಎರಡು ಮೂರು ಬೀದಿ ನಡೆದರೆ ಒಂದು ದೊಡ್ಡ ಕೆಂಪು ಕಟ್ಟಡ. ಅವನ ಬಾಳಿನ ದಿಕ್ಕು ಬದಲಾದದ್ದು ಆ ಎರಡು ಮೂರು ಬೀದಿಗಳ ನಡಿಗೆಯಲ್ಲಿ.

ಗೂಬೆಗಳ ಮನೆ

ಆ ಕಟ್ಟಡ ಷಿಕಾಗೋ ನಗರದ ಕೇಂದ್ರ ಸಾರ್ವಜನಿಕ ಗ್ರಂಥಾಲಯ, ೧೯೯೧ರಲ್ಲಿ ತೆರೆದದ್ದು. ೧೯೮೩ರಲ್ಲಿ ಚುನಾಯಿತರಾಗಿ, ೧೯೮೭ರ ನವೆಂಬರಿನಲ್ಲಿ ಅಧಿಕಾರದಲ್ಲಿರುವಾಗಲೇ ತೀರಿಕೊಂಡ ಮೇಯರ್ ಹೆರಾಲ್ಡ್ ವಾಷಿಂಗ್ಟನ್ನರ ಹೆಸರನ್ನು ಅದಕ್ಕಿಟ್ಟಿದ್ದಾರೆ. ತಂದೆ ಸೇವೆ ಸಲ್ಲಿಸಿದ ಮೇಯರರ ಹೆಸರಿನ ಮನೆಯಲ್ಲಿ ಮಗನಿಗೆ ಆಸರೆ ದೊರೆತದ್ದು ಯೋಗಾಯೋಗವೇ ಸರಿ. ಕೆಳಗೆ ಬೃಹತ್ತಾದ ಕಲ್ಲುಗಳ ಬುನಾದಿ, ಮೇಲೆ ಕೆಂಪು ಇಟ್ಟಿಗೆ, ಐದು ಮಾಳಿಗೆಯೆತ್ತರದ ಕಮಾನಿನ ಕಿಟಕಿಗಳು. ಸೂರಿನಂಚಿನ ಮೇಲೆ ಹಸುರು ಬಣ್ಣದ ದೈತ್ಯಾಕಾರದ ಗೂಬೆಗಳು ರೆಕ್ಕೆಯಗಲಿಸಿ ಕುಳಿತಿವೆ. ನಮ್ಮಲ್ಲಿ ಗೂಬೆ ಅಪಶಕುನವಾದರೆ ಅವರಲ್ಲಿ ಅದು ಜ್ಞಾನದ ಲಾಂಛನ. ಪಕ್ಕದಲ್ಲಿಯೇ ಕಬ್ಬಿಣದ ಕಂಬಗಳ ಮೇಲೆ ನಗರದ ಮೇಲುರೈಲು ಗಡಗಡನೆ ಸಾಗುತ್ತದೆ.

೨೦೦೯ರಲ್ಲಿ ಈ ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಎಂದರೆ ರಸ್ತೆಯ ಮಟ್ಟದಲ್ಲಿಯೇ, ‘ಯೂಮೀಡಿಯಾ’ ಎಂಬ ವಿಭಾಗವೊಂದು ಆರಂಭವಾಯಿತು. ಹಣವಿತ್ತದ್ದು ಮ್ಯಾಕ್‌ಆರ್ಥರ್ ಪ್ರತಿಷ್ಠಾನ; ೧೯೮೩ರಲ್ಲಿ ನಮ್ಮ ರಾಮಾನುಜನ್ ಅವರಿಗೆ ಪ್ರತಿಷ್ಠಿತ ವೇತನವನ್ನಿತ್ತು ಗೌರವಿಸಿದ ಸಂಸ್ಥೆಯೂ ಅದೇ. ಪ್ರೌಢಶಾಲೆಯ ಮಕ್ಕಳಿಗೆಂದೇ ಮೀಸಲಾದ ಸುಮಾರು ೫,೫೦೦ ಚದರಡಿಯ ಜಾಗ. ಪುಸ್ತಕಗಳ ಜೊತೆಗೆ ಕಂಪ್ಯೂಟರುಗಳು, ಕ್ಯಾಮರಾಗಳು, ವಾದ್ಯಗಳು, ಹಾಡು ಮುದ್ರಿಸಿಕೊಳ್ಳಲು ಒಂದು ಪುಟ್ಟ ಧ್ವನಿಮುದ್ರಣ ಕೋಣೆ. ಶುಲ್ಕವಿಲ್ಲ, ಶಿಫಾರಸು ಬೇಡ, ಹಾಜರಿ ಪುಸ್ತಕವಿಲ್ಲ. ಮಕ್ಕಳು ಮೊದಲು ಸುಮ್ಮನೆ ಬಂದು ಗೆಳೆಯರೊಡನೆ ಹರಟಲಿ. ಬೇಸರವಾದಾಗ ಯಾವುದಾದರೂ ಯಂತ್ರವನ್ನು ಮುಟ್ಟಿ ನೋಡಲಿ. ರುಚಿ ಹತ್ತಿದವರು ತಾವಾಗಿಯೇ ಆಳಕ್ಕಿಳಿಯುತ್ತಾರೆ ಎಂಬುದು ಅದನ್ನು ರೂಪಿಸಿದವರ ನಂಬಿಕೆ. ವಯಸ್ಸಾದವರಿಗೆ ಅಲ್ಲಿ ಕೆಲಸವಿಲ್ಲ. ನಾನು ಬಾಗಿಲ ಬಳಿ ನಿಂತು ನೋಡಿದೆನು. ‘ನಿಶ್ಶಬ್ದ’ ಎಂಬ ಹಲಗೆಯನ್ನೇ ಗ್ರಂಥಾಲಯದ ಗುರುತೆಂದು ತಿಳಿದು ಬೆಳೆದ ನನಗೆ, ಅಲ್ಲಿಯ ಗದ್ದಲವೇ ಮೊದಲ ಪಾಠವಾಯಿತು.

ಆದರೆ ಯಂತ್ರಗಳಿಂದ ಮಾತ್ರ ಹಾಡುಗಾರರು ಹುಟ್ಟುವುದಿಲ್ಲ. ಆ ಜಾಗಕ್ಕೆ ಜೀವ ತುಂಬಿದವರು ಮೈಕ್ ಹಾಕಿನ್ಸ್ ಎಂಬ ಕವಿ, ಉಪಾಧ್ಯಾಯ. ಮಕ್ಕಳ ಬಾಯಲ್ಲಿ ಅವರು ‘ಬ್ರದರ್ ಮೈಕ್’, ಮೈಕಣ್ಣ. ನಿಯಮಿತವಾಗಿ ಸಂಜೆ ಹೊತ್ತು ಅವರು ಧ್ವನಿವರ್ಧಕವನ್ನು ನಡುವೆ ನಿಲ್ಲಿಸುತ್ತಿದ್ದರು. ಬರೆದುದನ್ನು ಯಾರು ಬೇಕಾದರೂ ಎದ್ದುನಿಂತು ಓದಬಹುದು, ಹಾಡಬಹುದು. ಕೇಳುವವರೂ ಅದೇ ವಯಸ್ಸಿನವರು. ಹಿಂದಿನ ವಾರ ತಾವೂ ಅಲ್ಲಿ ತೊದಲಿದ್ದವರು. ನಮ್ಮ ಕಾಲೇಜುಗಳ ಕವಿಗೋಷ್ಠಿಗಳಲ್ಲಿ ಹಾರ, ಸ್ವಾಗತ ಭಾಷಣ, ವಂದನಾರ್ಪಣೆಗಳ ನಡುವೆ ಕವಿತೆಗೆ ಎಷ್ಟು ಹೊತ್ತು ಮಿಗುತ್ತದೆಂಬುದನ್ನು ಬಲ್ಲವನಾದ ನನಗೆ ಆ ವ್ಯವಸ್ಥೆಯ ಸರಳತೆ ಬಹಳ ಹಿಡಿಸಿತು. ಆ ಧ್ವನಿವರ್ಧಕದ ಮುಂದೆ ನಿಂತವರಲ್ಲಿ ಚಾನ್ಸ್ ಒಬ್ಬನೇ ಅಲ್ಲ. ನೋನೇಮ್, ಸಬಾ, ಮಿಕ್ ಜೆಂಕಿನ್ಸ್ ಎಂಬ ಹೆಸರುಗಳಿಂದ ಮುಂದೆ ಪ್ರಸಿದ್ಧರಾದ ಹಾಡುಗಾರರೂ ಅಲ್ಲಿಯೇ ಪಳಗಿದವರು. ಇವರಲ್ಲಿ ನೋನೇಮ್ ಎಂಬಾಕೆ ೨೦೧೯ರಲ್ಲಿ ಒಂದು ಓದುಗರ ಬಳಗವನ್ನು ಕಟ್ಟಿ, ಸೆರೆಮನೆಗಳಲ್ಲಿರುವವರಿಗೆ ಪುಸ್ತಕ ಕಳುಹಿಸುವ ಕೆಲಸವನ್ನು ಕೈಗೊಂಡಳು. ಗ್ರಂಥಾಲಯದ ಮಕ್ಕಳು ಗ್ರಂಥಾಲಯವನ್ನು ಮರೆಯಲಿಲ್ಲ.

ಹತ್ತು ದಿನಗಳು

ಪ್ರೌಢಶಾಲೆಯ ಕೊನೆಯ ವರ್ಷದಲ್ಲಿ ಚಾನ್ಸನ ಬಳಿ ಗಾಂಜಾ ಸಿಕ್ಕಿತು. ಶಾಲೆಯವರು ಹತ್ತು ದಿನ ಹೊರಗೆ ಹಾಕಿದರು. ಮಧ್ಯಮವರ್ಗದ ಮನೆಯಲ್ಲಿ ಅದೆಂಥ ಅಪಮಾನವೆಂಬುದನ್ನು ನಮ್ಮ ವಾಚಕರು ಊಹಿಸಬಲ್ಲರು. ಹತ್ತು ದಿನ ಬೀದಿಯಲ್ಲಿ ಅಲೆದಿದ್ದರೆ ಕತೆ ಏನಾಗುತ್ತಿತ್ತೋ ಬಲ್ಲವರಾರು? ಆ ದಿನಗಳಲ್ಲಿ ಅವನು ಹಾಡು ಬರೆಯಲು ಕುಳಿತನು. ಬರೆದುದನ್ನು ಮುದ್ರಿಸಿಕೊಳ್ಳಲು ಗೂಬೆಗಳ ಮನೆಯ ಆ ಪುಟ್ಟ ಕೋಣೆಯಿತ್ತು. ತಿದ್ದಲು ಮೈಕಣ್ಣ ಇದ್ದರು. ಶಿಕ್ಷೆಯ ಅವಧಿಯನ್ನೇ ಹೆಸರಾಗಿ ಇಟ್ಟುಕೊಂಡ ‘ಟೆನ್ ಡೇ’ ಎಂಬ ಗುಚ್ಛ ೨೦೧೨ರ ಏಪ್ರಿಲಿನಲ್ಲಿ ಅಂತರಜಾಲದಲ್ಲಿ ಪುಕ್ಕಟೆಯಾಗಿ ಹೊರಬಂದಿತು. ಹೀಗೆ ಮಾರಾಟಕ್ಕಿಡದೆ ಹಂಚುವ ಗುಚ್ಛಕ್ಕೆ ಅವರು ‘ಮಿಕ್ಸ್‌ಟೇಪ್’ ಎನ್ನುತ್ತಾರೆ.

ಇದರ ನಡುವೆ ಒಂದು ದುರಂತವೂ ನಡೆದುಹೋಗಿತ್ತು. ೨೦೧೧ರಲ್ಲಿ ಅವನ ಆಪ್ತ ಸ್ನೇಹಿತನೊಬ್ಬ ಇರಿತಕ್ಕೆ ಸಿಕ್ಕಿ ಅವನ ಕಣ್ಣೆದುರಿಗೇ ಅಸುನೀಗಿದನು. ೨೦೧೨ರಲ್ಲಿ ಷಿಕಾಗೋ ನಗರದಲ್ಲಿ ಐನೂರಕ್ಕೂ ಹೆಚ್ಚು ಕೊಲೆಗಳಾದುವು. ಸತ್ತವರಲ್ಲಿ ಅನೇಕರು ಅವನ ವಯಸ್ಸಿನ ಕಪ್ಪು ಹುಡುಗರು. ೨೦೧೩ರ ಏಪ್ರಿಲ್ ೩೦ರಂದು ಬಂದ ಎರಡನೆಯ ಗುಚ್ಛ ‘ಆಸಿಡ್ ರ‍್ಯಾಪ್’ನಲ್ಲಿ ಮಾದಕವಸ್ತುಗಳ ಅಮಲೂ ಇದೆ, ತಾರುಣ್ಯದ ಚೇಷ್ಟೆಯೂ ಇದೆ, ಆದರೆ ಅದರ ನಡುವೆ, ಬೇಸಗೆ ಬಂತೆಂದರೆ ಹೆದರುವ ಊರಿನ ಎದೆಬಡಿತವೂ ಸ್ಪಷ್ಟವಾಗಿ ಕೇಳಿಸುತ್ತದೆ. ಶಾಲೆಗೆ ರಜೆ ಬಂತೆಂದು ಮಕ್ಕಳು ಹಿಗ್ಗುವ ಕಾಲವೇ ಮಕ್ಕಳು ಸಾಯುವ ಕಾಲವೂ ಆಗಿರುವ ಊರು ಅದು.

ಕರಾರಿಲ್ಲದ ಹಾಡು

ಈಗ ಕಂಪನಿಗಳವರು ಹಣದ ಥೈಲಿಯನ್ನು ಹಿಡಿದು ಬಂದರು. ಆ ವ್ಯಾಪಾರದ ರೀತಿ ಹೀಗಿದೆ. ಕಂಪನಿಯು ಹಾಡುಗಾರನಿಗೆ ಒಂದು ದೊಡ್ಡ ಮುಂಗಡವನ್ನು ಕೊಡುತ್ತದೆ. ಅದು ಕೊಡುಗೆಯಲ್ಲ, ಹಾಡುಗಳ ಗಳಿಕೆಯಲ್ಲಿ ಅವನ ಪಾಲಿನಿಂದ ಮುರಿದುಕೊಳ್ಳುವ ಸಾಲ. ಧ್ವನಿಮುದ್ರಣ, ಪ್ರಚಾರ ಮೊದಲಾದ ಖರ್ಚುಗಳಲ್ಲಿಯೂ ಎಷ್ಟೋ ಭಾಗ ಅವನ ಲೆಕ್ಕಕ್ಕೇ ಬೀಳುತ್ತದೆ. ಸಾಲ ತೀರಿದ ಮೇಲೂ ಸಾಮಾನ್ಯವಾಗಿ ಮೂಲ ಮುದ್ರಿಕೆಯ ಒಡೆತನ ಕಂಪನಿಯದೇ. ಹೊಲ ಉತ್ತವನೊಬ್ಬ, ಪಹಣಿಯಲ್ಲಿ ಹೆಸರು ಇನ್ನೊಬ್ಬನದು ಎಂದರೆ ನಮ್ಮ ರೈತರಿಗೆ ಕೂಡಲೆ ಅರ್ಥವಾದೀತು.

ಚಾನ್ಸ್ ರುಜು ಹಾಕಲಿಲ್ಲ. ಹಾಡು ಪುಕ್ಕಟೆ, ಕಚೇರಿಗೆ ಮಾತ್ರ ಚೀಟಿ ಎಂಬುದು ಅವನ ಲೆಕ್ಕಾಚಾರ. ಹಾಡನ್ನು ಪುಕ್ಕಟೆ ಕೇಳಿದವರು ಊರೂರಿನಲ್ಲಿ ಚೀಟಿ ಕೊಂಡು ಬಂದರು. ಅವನ ಅಂಗಿಗಳನ್ನೂ ಟೋಪಿಗಳನ್ನೂ ಕೊಂಡರು. ೨೦೧೬ರ ಮೇ ೧೩ರಂದು ಮೂರನೆಯ ಗುಚ್ಛ ‘ಕಲರಿಂಗ್ ಬುಕ್’ ಬಂದಿತು. ಆ ದಿನಗಳಲ್ಲಿ ಅವನ ಟೋಪಿಯ ಮೇಲಿದ್ದ ‘೩’ ಎಂಬ ಅಂಕಿ ಅದರ ಗುರುತು. ಅಜ್ಜಿಯ ಚರ್ಚಿನ ಗಾಸ್ಪೆಲ್ ಸಂಗೀತ ಇಲ್ಲಿ ರ‍್ಯಾಪಿನೊಡನೆ ಸಂಪೂರ್ಣವಾಗಿ ಬೆರೆಯಿತು. ಅದರ ಮೊದಲ ಹಾಡಿನಲ್ಲಿ ಷಿಕಾಗೋ ಮಕ್ಕಳ ಗಾಯನವೃಂದದ ದನಿಯಿದೆ. ಆ ವೃಂದ ೧೯೫೬ರಲ್ಲಿ ರಾಮಾನುಜನ್ ಅವರ ಹೈಡ್ ಪಾರ್ಕಿನ ಒಂದು ಚರ್ಚಿನಲ್ಲಿ ಹುಟ್ಟಿದ್ದು.

ಹೊರಬಂದಾಗ ಈ ಗುಚ್ಛಕ್ಕೆ ತಟ್ಟೆಯಿರಲಿಲ್ಲ, ಅಂಗಡಿಯಿರಲಿಲ್ಲ. ಅಂತರಜಾಲದಲ್ಲಿ ಕೇಳಬಹುದಾಗಿತ್ತು, ಅಷ್ಟೆ. ಮೊದಲ ವಾರದಲ್ಲಿ ಅದರ ಹಾಡುಗಳನ್ನು ಜನ ೫ ಕೋಟಿ ೭೦ ಲಕ್ಷಕ್ಕೂ ಹೆಚ್ಚು ಸಲ ಕೇಳಿದರು. ಸಾವಿರದೈನೂರು ಸಲ ಕೇಳಿದರೆ ಒಂದು ಗುಚ್ಛ ಮಾರಿದಂತೆ ಎಂಬ ಲೆಕ್ಕದ ಮೇಲೆ ಅದು ಅಮೆರಿಕದ ‘ಬಿಲ್‌ಬೋರ್ಡ್’ ಪಟ್ಟಿಯಲ್ಲಿ ಎಂಟನೆಯ ಸ್ಥಾನಕ್ಕೆ ಬಂದಿತು. ಕೇವಲ ಕೇಳಿಸಿಕೊಂಡೇ ಆ ಪಟ್ಟಿಯನ್ನು ಸೇರಿದ ಮೊದಲ ಗುಚ್ಛ ಅದು. ಮಾರಾಟವಾಗದ ಗುಚ್ಛಗಳಿಗೆ ಗ್ರ್ಯಾಮಿ ಪಾರಿತೋಷಕದ ಸ್ಪರ್ಧೆಯಲ್ಲಿ ಅದುವರೆಗೆ ಎಡೆಯಿರಲಿಲ್ಲ. ಅದೇ ವರ್ಷ ಆ ನಿಯಮವೂ ಬದಲಾಯಿತು. ೨೦೧೭ರ ಫೆಬ್ರವರಿ ೧೨ರ ರಾತ್ರಿ, ಉತ್ತಮ ನೂತನ ಕಲಾವಿದ, ಉತ್ತಮ ರ‍್ಯಾಪ್ ಗುಚ್ಛ, ಉತ್ತಮ ರ‍್ಯಾಪ್ ಗಾಯನ ಎಂಬ ಮೂರು ಗ್ರ್ಯಾಮಿಗಳು ಇಪ್ಪತ್ತಮೂರು ವರ್ಷದ ಆ ತರುಣನ ಕೈ ಸೇರಿದುವು.

ಅವನ ಸ್ವಾತಂತ್ರ್ಯ ಸಂಪೂರ್ಣವಾದದ್ದೆ ಎಂದು ಕೇಳಿದವರೂ ಉಂಟು. ‘ಕಲರಿಂಗ್ ಬುಕ್’ ಅನ್ನು ಎರಡು ವಾರ ತನ್ನಲ್ಲಿಯೇ ಕೇಳಿಸುವ ಹಕ್ಕಿಗಾಗಿ ಆ್ಯಪಲ್ ಕಂಪನಿ ಐದು ಲಕ್ಷ ಡಾಲರ್ ಕೊಟ್ಟಿತ್ತು. ಅದನ್ನು ೨೦೧೭ರಲ್ಲಿ ಅವನೇ ಬಹಿರಂಗವಾಗಿ ಹೇಳಿದನು. ಎರಡು ವಾರದ ಗುತ್ತಿಗೆಗೂ ಬಾಳಿಡೀ ಜೀತಕ್ಕೂ ಅಂತರವಿದೆ. ಮೂಲ ಮುದ್ರಿಕೆ ಅವನ ಕೈಬಿಡಲಿಲ್ಲ. ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಬೇರೆ. ಹತ್ತೊಂಬತ್ತರ ಹರೆಯದಲ್ಲಿ ಅವನು ಕಂಪನಿಗಳಿಗೆ ‘ಒಲ್ಲೆ’ ಎನ್ನಬಲ್ಲವನಾದದ್ದು ಹೇಗೆ? ಅವನ ಮೊದಲ ಗುಚ್ಛ ಯಾರ ಸಾಲದಿಂದಲೂ ಆದದ್ದಲ್ಲ. ಮುದ್ರಣದ ಕೋಣೆಯನ್ನು ಊರು ಕೊಟ್ಟಿತು. ಕೇಳುವ ಕಿವಿಗಳನ್ನೂ ತಿದ್ದುವ ಗುರುವನ್ನೂ ಊರೇ ಕೊಟ್ಟಿತು. ಕಂಪನಿಯ ಋಣದಿಂದ ಅವನನ್ನು ಉಳಿಸಿದ್ದು ಊರಿನ ಋಣ.

ಋಣ ತೀರಿಸುವ ಬಗೆ

ಮೈಕಣ್ಣ ಶಿಷ್ಯನ ಗ್ರ್ಯಾಮಿಗಳನ್ನು ನೋಡಲಿಲ್ಲ. ೨೦೧೪ರ ಡಿಸೆಂಬರಿನಲ್ಲಿ, ನಲವತ್ತು ತುಂಬುವ ಮುನ್ನವೇ ಅವರು ತೀರಿಕೊಂಡರು. ಮುಂದಿನ ವರ್ಷವೇ ಚಾನ್ಸ್, ಮ್ಯಾಲ್ಕಮ್ ಲಂಡನ್ ಎಂಬ ಕವಿಮಿತ್ರನೊಡನೆ ಸೇರಿ, ಪ್ರೌಢಶಾಲೆಯ ಮಕ್ಕಳಿಗೆ ಮಾತ್ರ ಪ್ರವೇಶವಿರುವ ಉಚಿತ ಗೋಷ್ಠಿಗಳನ್ನು ಆರಂಭಿಸಿದನು. ‘ಓಪನ್ ಮೈಕ್’ ಎಂದು ಅದರ ಹೆಸರು. ತೆರೆದ ಧ್ವನಿವರ್ಧಕ ಎಂಬ ಅರ್ಥದೊಳಗೆ ಗುರುವಿನ ಹೆಸರನ್ನೂ ಅಡಗಿಸಿಟ್ಟ ಶ್ಲೇಷೆ. ನಮ್ಮ ಚಂಪೂ ಕವಿಗಳೂ ಮೆಚ್ಚುತ್ತಿದ್ದರು.

೨೦೧೩ರಲ್ಲಿ ಷಿಕಾಗೋ ಆಡಳಿತವು ಸುಮಾರು ಐವತ್ತು ಸರ್ಕಾರಿ ಶಾಲೆಗಳನ್ನು ಒಮ್ಮೆಗೇ ಮುಚ್ಚಲು ನಿಶ್ಚಯಿಸಿತು. ಅವುಗಳಲ್ಲಿ ಹೆಚ್ಚಿನವು ಕಪ್ಪು ಮತ್ತು ಬಡ ಮಕ್ಕಳ ಬಡಾವಣೆಗಳಲ್ಲಿದ್ದುವು. ೨೦೧೬ರ ಕೊನೆಯಲ್ಲಿ ಆ ನಗರದ ಶಾಲೆಗಳಿಗೆ ಬರಬೇಕಾಗಿದ್ದ ೨೧ ಕೋಟಿ ೫೦ ಲಕ್ಷ ಡಾಲರುಗಳ ನೆರವನ್ನು ಇಲಿನಾಯ್ ರಾಜ್ಯಪಾಲರು ತಡೆದರು. ೨೦೧೭ರ ಮಾರ್ಚಿನಲ್ಲಿ ಚಾನ್ಸ್ ಅವರನ್ನು ಕಂಡು ಮಾತಾಡಿದನು, ತೃಪ್ತಿಯಾಗಲಿಲ್ಲ. ಕೆಲವೇ ದಿನಗಳಲ್ಲಿ, ತಾನು ಬೆಳೆದ ಚ್ಯಾಟಮ್‌ನ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ನಡುವೆ ನಿಂತು, ನಗರದ ಶಾಲೆಗಳಿಗೆ ಹತ್ತು ಲಕ್ಷ ಡಾಲರ್ ದಾನವನ್ನು ಸಾರಿದನು. ಕೊರತೆಯ ಮುಂದೆ ಅದೊಂದು ಹನಿ. ಒಬ್ಬ ಹಾಡುಗಾರ ಸರ್ಕಾರದ ಕೆಲಸವನ್ನು ಮಾಡಲಾರನು, ಮಾಡಬೇಕಾಗಿಯೂ ಇಲ್ಲ. ಆದರೆ ಅಂದು ಊರಿನ ಪತ್ರಿಕೆಗಳೆಲ್ಲ ಶಾಲೆಗಳ ವಿಷಯವನ್ನು ಬರೆಯಬೇಕಾಗಿ ಬಂದಿತು.

ಸ್ವತಂತ್ರನಾದವನಿಗೆ ಸೋಲೂ ಸ್ವಂತದ್ದೇ. ೨೦೧೯ರ ಜುಲೈಯಲ್ಲಿ ಬಂದ ‘ದ ಬಿಗ್ ಡೇ’ ಎಂಬ ಗುಚ್ಛವನ್ನು ವಿಮರ್ಶಕರು ಮೆಚ್ಚಲಿಲ್ಲ, ಕೇಳುಗರು ಗೇಲಿ ಮಾಡಿದರು. ಗೊತ್ತುಪಡಿಸಿದ ಸಂಗೀತಯಾತ್ರೆ ರದ್ದಾಯಿತು. ದೂರಲು ಕಂಪನಿಯಿರಲಿಲ್ಲ. ಕೆಲವು ವರ್ಷ ಅವನ ದನಿ ಕ್ಷೀಣವಾಗಿಯೇ ಇತ್ತು. ೨೦೨೩ರ ಜನವರಿಯಲ್ಲಿ ಬಾಲ್ಯಮಿತ್ರ ವಿಕ್ ಮೆನ್ಸಾನೊಡನೆ ಆಫ್ರಿಕಾದ ಘಾನಾ ದೇಶಕ್ಕೆ ಹೋಗಿ, ರಾಜಧಾನಿ ಅಕ್ರಾದ ದೊಡ್ಡ ಚೌಕದಲ್ಲಿ ಸಂಗೀತೋತ್ಸವವನ್ನು ನಡೆಸಿದನು. ೧೯೧೯ರಲ್ಲಿ ಮಾರ್ಕಸ್ ಗಾರ್ವಿ ಎಂಬ ನಾಯಕನು ಕಪ್ಪು ಜನರದೇ ಆದ ಹಡಗು ಕಂಪನಿಯನ್ನು ಕಟ್ಟಿದ್ದನು. ಅದರ ಹೆಸರಿನ ನೆನಪಿನಲ್ಲಿ ‘ಸ್ಟಾರ್ ಲೈನ್’ ಎಂಬ ಹೊಸ ಗುಚ್ಛ ೨೦೨೫ರ ಆಗಸ್ಟ್ ೧೫ರಂದು, ನಮ್ಮ ಸ್ವಾತಂತ್ರ್ಯ ದಿನದಂದೇ, ಹೊರಬಂದಿತು. ಆಗಲೂ ರುಜು ಹಾಕಿದ ಕರಾರಿರಲಿಲ್ಲ. ಆರು ವರ್ಷ ಕಾದ ಕೇಳುಗರು ಅದನ್ನು ಆದರದಿಂದ ಬರಮಾಡಿಕೊಂಡರು.

ನಮ್ಮ ಮಕ್ಕಳೂ ಈಗ ಕನ್ನಡದಲ್ಲಿ ರ‍್ಯಾಪ್ ಕಟ್ಟುತ್ತಿದ್ದಾರೆ. ತರಗತಿಯ ಹಿಂದಿನ ಬೆಂಚುಗಳಲ್ಲಿ ಮೇಜಿನ ಮೇಲೆ ಬೆರಳಾಡಿಸುತ್ತ ಪ್ರಾಸ ಹುಡುಕುವವರನ್ನು ನಾನು ದಿನವೂ ಕಾಣುತ್ತೇನೆ. ಅವರು ಶಾಲೆ ಬಿಟ್ಟ ಮೇಲೆ ಎಲ್ಲಿಗೆ ಹೋಗಬೇಕು? ೧೯೬೫ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ನಾವೆಲ್ಲರೂ ಮನೆಗಂದಾಯದೊಡನೆ ನೂರಕ್ಕೆ ಆರರಂತೆ ಗ್ರಂಥಾಲಯ ಕರವನ್ನು ತೆರುತ್ತಲೇ ಇದ್ದೇವೆ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ನಮಗೂ ಒಂದು ಕೆಂಪು ಗ್ರಂಥಾಲಯವಿದೆ. ಬಡಾವಣೆ ಬಡಾವಣೆಗಳಲ್ಲಿ ಅದರ ಶಾಖೆಗಳಿವೆ. ಪತ್ರಿಕೆ ಓದುವ ಹಿರಿಯರೂ, ಪರೀಕ್ಷೆಗೆ ಓದುವ ತರುಣರೂ ಅಲ್ಲಿ ಮೌನವಾಗಿ ಕುಳಿತಿರುತ್ತಾರೆ. ಅವರ ಮೌನ ಕೆಡಬಾರದು. ಆದರೆ ಅದೇ ಕಟ್ಟಡದ ಒಂದು ಮೂಲೆಯಲ್ಲಿ, ಬಾಗಿಲು ಹಾಕಿಕೊಂಡ ಒಂದು ಕೋಣೆ, ಒಂದು ಧ್ವನಿವರ್ಧಕ, ಮತ್ತು ಮಕ್ಕಳ ತೊದಲನ್ನು ತಾಳ್ಮೆಯಿಂದ ಕೇಳಬಲ್ಲ ಒಬ್ಬ ಮೇಷ್ಟರು. ಮುಂದಿನ ಸಲ ಕಂದಾಯದ ರಸೀತಿ ಕೈಗೆ ಬಂದಾಗ ವಾಚಕರು ಇದನ್ನು ಒಮ್ಮೆ ನೆನೆದು, ತಮ್ಮ ಬಡಾವಣೆಯ ಗ್ರಂಥಪಾಲಕರನ್ನು ಕಂಡು ಕೇಳಿದರೆ, ಈ ಪ್ರವಾಸದ ವೃತ್ತಾಂತ ಬರೆದುದು ಸಾರ್ಥಕವಾಯಿತೆಂದು ತಿಳಿಯುತ್ತೇನೆ.